ಮೊದಲು ಕಬ್ಬಿಗೆ, ಆಮೇಲೆ ಮನುಷ್ಯರಿಗೆ

ನಮ್ಮ ಊರಿನಲ್ಲಿ ಎದುರಿಗೆ ಸಿಕ್ಕವರನ್ನು ‘ಏನ್ರೀ ಸುದ್ದಿ?’ ಎಂದು ಕೇಳಿದರೆ ಜಗಳ ಗ್ಯಾರಂಟಿ. ಬೇರೆ ಊರುಗಳಲ್ಲಿ ಅದು ಕುಶಲ ವಿಚಾರಿಸುವ ಮಾತಂತೆ. ಇಲ್ಲಿ ಅದು ಇನ್ನೊಬ್ಬರ ಹೊಲಕ್ಕೆ ನುಗ್ಗಿ ಕಬ್ಬು ಮುರಿದುಕೊಂಡಷ್ಟು ದೊಡ್ಡ ಕಳ್ಳತನ. ‘ಊಟಾತೇನ್ರಿ?’ ಎಂದು ಕೇಳಬಹುದು, ‘ಬಿಸಲು ಬಾಳ ಐತಿ’ ಎನ್ನಬಹುದು, ಅಲ್ಲಿಗೆ ನಿಲ್ಲಿಸಬೇಕು. ನಮ್ಮ ಕಬ್ಬು ಸುದ್ದಿ ಕೇಳಿ ಬೆಳೆಯುತ್ತದೆ. ನೀರು, ಗೊಬ್ಬರ ಎಲ್ಲರ ಕಬ್ಬಿಗೂ ಬೇಕು, ನಮ್ಮದಕ್ಕೂ ಬೇಕು. ಅದರ ಮೇಲೆ ಸುದ್ದಿಯೂ ಬೇಕು. ಆ ಸುದ್ದಿ ಹೊಸದಾಗಿರಬೇಕು, ನಿಜವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೇಳುವ ಬಾಯಿ ಅದನ್ನು ಬೇರೆ ಯಾವ ಮನುಷ್ಯನ ಹತ್ತಿರವೂ ಮೊದಲು ಆಡಿರಬಾರದು. ಆಡಿದರೆ ಆ ಸುದ್ದಿ ಎಂಜಲು. ಎಂಜಲನ್ನು ಕಬ್ಬು ಮುಟ್ಟುವುದಿಲ್ಲ. ಕೇಳಿದ ಕಿವಿಗೆ ಮಾತ್ರ ಯಾವ ದೋಷವೂ ಇಲ್ಲ. ಕೇಳಿದವರು ಬಾಯಿ ಬಿಗಿಹಿಡಿದು ನೇರ ತಮ್ಮ ಹೊಲಕ್ಕೆ ಹೋಗಿ ಹೇಳಿಕೊಳ್ಳಬಹುದು. ನಡುವೆ ಆ ವಿಷಯಕ್ಕೆ ‘ಅಯ್ಯೋ ಪಾಪ’ ಎಂದು ಉದ್ಗಾರ ತೆಗೆದರೂ ಮುಗಿಯಿತು. ಹಾಗಾಗಿ ನಮ್ಮ ಊರಿನಲ್ಲಿ ಅಯ್ಯೋ ಪಾಪ ಎನ್ನುವವರು ಕಡಿಮೆ.

ಇಲ್ಲಿನ ಕಬ್ಬು ಬೆಳೆಗಾರರಿಗಾಗಿ ಸಕ್ಕರೆ ಕಾರ್ಖಾನೆ ವಾರಕ್ಕೊಮ್ಮೆ ಹೊರಡಿಸುವ ‘ರಸವಾರ್ತೆ’ ಎಂಬ ಹಾಳೆಯನ್ನು ಬರೆಯುವವನು ನಾನು. ಈ ಕೆಲಸ ನನಗೆ ಸಿಕ್ಕಿದ್ದು ನನ್ನ ಬರಹ ಚೆನ್ನಾಗಿದೆ ಎಂದಲ್ಲ, ನಮ್ಮ ಮನೆಗೆ ಅಂಗೈಯಗಲ ಹೊಲವೂ ಇಲ್ಲವೆಂದು. ಹೊಲವಿದ್ದವನಿಗೆ ಸುದ್ದಿಯ ಕೆಲಸ ಕೊಡುವುದೂ ಬೆಕ್ಕನ್ನು ಹಾಲು ಕಾಯಲು ಕೂರಿಸುವುದೂ ಒಂದೇ ಎಂಬುದು ಊರಿಗೆ ಗೊತ್ತು. ಯಾಕೆಂದರೆ ಊರಿನ ತುಂಬ ಇರುವುದು ಬೆಕ್ಕುಗಳೇ.

ಹಾಳೆಯ ಮುಂದಿನ ಪುಟದಲ್ಲಿ ಬೆಳೆಗಾರರಿಗೆ ಸೂಚನೆಗಳಿರುತ್ತವೆ. ಕಟಾವಿಗೆ ಮುಂಚೆ ನೀರು ನಿಲ್ಲಿಸಿರಿ, ಸುದ್ದಿಯನ್ನೂ ನಿಲ್ಲಿಸಿರಿ. ಹೂವಾಗಿ ಸೂಲಂಗಿ ಬಿಟ್ಟ ಕಬ್ಬಿಗೆ ಸಾವಿನ ಸುದ್ದಿ ಹೇಳಿದರೆ ಒಳಗೆ ಬೆಂಡಾಗುವುದು. ಕಡಿದ ಬುಡದಿಂದ ಚಿಗುರಿದ ಕೂಳೆ ಕಬ್ಬಿಗೆ ಲಗ್ನ, ಸೀಮಂತ, ಹೊಸ ಮನೆ ಇಂಥವು ಸಾಕು; ಹೊಸದಾಗಿ ನಾಟಿ ಮಾಡಿದ್ದಕ್ಕೆ ಗಟ್ಟಿ ಸುದ್ದಿಯೇ ಬೇಕು. ಸುಳ್ಳು ಸುದ್ದಿ ಹೇಳಿದ ಹೊಲಕ್ಕೆ ಗೆದ್ದಲು ಬಿದ್ದರೆ ಕಾರ್ಖಾನೆ ಜವಾಬ್ದಾರಿಯಲ್ಲ. ಕೆಳಗಿನ ಗದ್ದೆಯವರು ರವದಿಯ ಒಣಗರಿ ಸುಡಬಾರದು. ಹೀಗೆ. ಹಿಂದಿನ ಪುಟದಲ್ಲಿ ಸ್ಥಳೀಯ ಸುದ್ದಿ. ಯಾರು ಸತ್ತರು, ಯಾರು ಹುಟ್ಟಿದರು, ಯಾರ ಮಗಳು ಯಾರ ಸಂಗಡ ಓಡಿಹೋದಳು ಎಂಬುದನ್ನು ಊರಿನ ಹೊಲಗಳೆಲ್ಲ ಕೇಳಿ ಮುಗಿಸಿದ ಮೇಲೆ ನಾನು ಬರೆಯುತ್ತೇನೆ. ರಸ ಕಬ್ಬಿಗೆ, ಸಿಪ್ಪೆ ಓದುಗರಿಗೆ. ಆ ಸಿಪ್ಪೆಯನ್ನೇ ನಮ್ಮ ಜನ ಚಹಾದಂಗಡಿಯಲ್ಲಿ ಕೂತು ಅಗಿಯುತ್ತಾರೆ. ಗಂಡ ತನ್ನ ಹೆಂಡತಿ ಬಸಿರಿಯಾದದ್ದನ್ನು ಹಾಳೆಯಲ್ಲಿ ಓದಿ ತಿಳಿದುಕೊಂಡದ್ದೂ ಉಂಟು. ಆಕೆ ಮೊದಲು ಹೊಲಕ್ಕೆ ಹೇಳಿದ್ದಳು, ಆಮೇಲೆ ಮರೆತುಬಿಟ್ಟಳು. ಅವನಿಗೇನೂ ಬೇಸರವಾಗಲಿಲ್ಲ. ‘ಎಷ್ಟು ಹುಷಾರ ನೋಡ್ರಿ ನಮ್ಮಾಕಿ’ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಇನ್ನು ದೊಡ್ಡ ಮನುಷ್ಯರ ಸಂಗತಿ ಕೇಳಬೇಡಿ. ನಮ್ಮ ಕಾಡಪ್ಪ ಮಾಸ್ತರರಿಗೆ ಇರುವುದು ಇಪ್ಪತ್ತು ಗುಂಟೆ ಕಬ್ಬು. ಪರೀಕ್ಷೆಯ ಫಲಿತಾಂಶ ಬಂದ ದಿನ ಶಾಲೆಗೆ ಬೀಗ ಹಾಕಿಕೊಂಡು ಮೊದಲು ಹೊಲಕ್ಕೆ ಹೋಗುತ್ತಿದ್ದರು. ಯಾರು ಪಾಸು ಯಾರು ಫೇಲು ಎಂದು ಒಂದೊಂದೇ ಹೆಸರನ್ನು ಸಾಲಿನ ನಡುವೆ ನಿಂತು ಓದುತ್ತಿದ್ದರು. ತಾಯಂದಿರು ಶಾಲೆಯ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ನಿವೃತ್ತರಾದ ಮೇಲೆ ಅವರ ಕಬ್ಬು ಪೊರಕೆ ಕಡ್ಡಿಯಾಯಿತು. ಈಗ ಅವರು ಊರಿನ ಎಲ್ಲ ಪಂಚಾಯ್ತಿಗಳಿಗೂ ಕರೆಯದೆ ಬರುತ್ತಾರೆ, ನ್ಯಾಯ ಹೇಳುವುದಕ್ಕಲ್ಲ. ಕಾರ್ಖಾನೆಯ ಅಧ್ಯಕ್ಷ ಸಾತಗೌಡರು ತಮ್ಮ ಸ್ವಂತ ತಾಯಿ ಕಣ್ಣು ಮುಚ್ಚಿದಾಗ ಆ ಕಣ್ಣಿನ ರೆಪ್ಪೆ ಇಳಿಸದೆ ಹೊಲಕ್ಕೆ ಹೋದವರು. ಹೋಗಿ ಬಂದು ಎದೆ ಬಡಿದುಕೊಂಡು ಅತ್ತರು. ಬಹಳ ಚೆನ್ನಾಗಿ ಅತ್ತರು ಎಂದು ನಾನೇ ಬರೆದಿದ್ದೇನೆ.

ಇಂಥ ಊರಿನಲ್ಲಿ ನನ್ನ ಅಕ್ಕ ಬಾಳವ್ವನನ್ನು ಅಡಿವೆಪ್ಪನಿಗೆ ಕೊಟ್ಟಿದ್ದೆವು. ಅಡಿವೆಪ್ಪನದು ಹಳ್ಳದ ದಂಡೆಯಲ್ಲಿ, ಬದುಗಳಿಂದ ಬೇರೆಯಾದ ನಾಲ್ಕು ತಾಕು ಹೊಲ. ಹೊಲವಿಲ್ಲದ ಮನೆಯ ಹುಡುಗಿ ಹೊಲವಿದ್ದ ಮನೆಗೆ ಹೋದಳೆಂದು ಅವ್ವ ಸಾಯುವತನಕ ಹಿಗ್ಗಿದಳು. ಅಕ್ಕ ದುಡಿದಳು. ಮಾವ ಹಾಸಿಗೆ ಹಿಡಿದಾಗ ಬಾಚಿ ಬಳಿದಳು, ಬಿದ್ದ ಗೋಡೆ ಎಬ್ಬಿಸಿದಳು, ಸರದಿ ಬಂದಾಗ ಕಾಲುವೆಯ ನೀರು ತಿರುವಿದಳು. ಅಡಿವೆಪ್ಪ ಕೆಟ್ಟವನೇನಲ್ಲ ಎಂದು ಊರು ಹೇಳುತ್ತದೆ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಈ ಎರಡನ್ನು ಮಾಡದಿದ್ದರೆ ನಮ್ಮಲ್ಲಿ ಗಂಡಸು ದೇವರಾಗುತ್ತಾನೆ.

ಹೋದ ವರ್ಷ ಕಬ್ಬಿನ ರವದಿ ಸುಲಿಯುತ್ತಿದ್ದಾಗ ಮೊದಲನೆಯ ತಾಕಿನಲ್ಲಿ ಅಕ್ಕನ ಕಾಲಿಗೆ ಕೊಳಕುಮಂಡಲ ಹಾವು ಕಚ್ಚಿತು. ಉಳಿದಳು. ಎರಡು ಬೆರಳು ಹೋದವು, ನಡಿಗೆ ಕುಂಟಾಯಿತು, ಆದರೆ ಉಳಿದಳು. ಆಸ್ಪತ್ರೆಯಲ್ಲಿ ಡಾಕ್ಟರು ‘ಇನ್ನೂ ಸ್ವಲ್ಪ ಬೇಗ ತಂದಿದ್ರ ಬೆರಳೂ ಉಳೀತಿದ್ದು’ ಎಂದರು. ಗಾಡಿ ಸಿಗಲಿಲ್ಲ ಎಂದು ಅಡಿವೆಪ್ಪ ಎಲ್ಲರಿಗೂ ಹೇಳಿದ. ಎಲ್ಲರೂ ನಂಬಿದರು. ಆಸ್ಪತ್ರೆಯಿಂದ ಬಿಡಿಸಿಕೊಂಡ ದಿನ ಅಕ್ಕ ಗಂಡನ ಮನೆಯ ಓಣಿಗೆ ತಿರುಗಲಿಲ್ಲ. ನಮ್ಮ ಮನೆಗೆ ಬಂದು ಗಂಟು ಇಳಿಸಿದಳು.

‘ಯಾಕಕ್ಕಾ?’ ಎಂದೆ.

‘ಗಾಡಿ ಇತ್ತು ತಮ್ಮಾ. ಪಕ್ಕದ ಹೊಲದಾಗ ಟ್ರ್ಯಾಕ್ಟರ ನಿಂತಿತ್ತು. ಇಂವ ನಾಕೂ ತಾಕಿಗೆ ಹೋಗಿ ಹೇಳಿ ಆಮ್ಯಾಲ ಕರ್ಯಾಕ ಹೋದ. ಬದುವಿನ ಮ್ಯಾಲ ನಾನು ಸೆರಗು ಹರದು ಕಟಗೊಂಡು ಕುಂತಿದ್ನಿ.’

ಅಷ್ಟೇ ಹೇಳಿದಳು. ನನಗೆ ಹೊಲವಿಲ್ಲದ್ದರಿಂದ ನನ್ನ ಹತ್ತಿರ ಹೇಳಬಹುದಿತ್ತು, ಹೇಳಿದಳು. ಆದರೆ ಅಕ್ಕ ಯಾರಿಗೂ ಹೇಳಬೇಡವೆಂದಳು, ನಾನು ಹೇಳಲಿಲ್ಲ. ಆಕೆ ಯಾಕೆ ತವರಿನಲ್ಲಿ ಕೂತಿದ್ದಾಳೆಂಬುದು ಊರಿಗೆ ತಿಳಿಯದೆ ಹೋಯಿತು. ತಿಳಿಯದ ಸುದ್ದಿ ಎಂದರೆ ನಮ್ಮವರಿಗೆ ಹಸಿದವರ ಮುಂದೆ ಮುಚ್ಚಿಟ್ಟ ತಾಟು. ನಮ್ಮ ಮನೆಗೆ ಇದ್ದಕ್ಕಿದ್ದಂತೆ ಬಂಧು ಬಳಗ ಹೆಚ್ಚಿತು. ಹತ್ತು ವರ್ಷ ಮಾತಾಡಿಸದವರು ಮೊಸರು ತಂದುಕೊಟ್ಟರು. ‘ಕಾಲು ಹೆಂಗೈತವ್ವಾ’ ಎಂದು ಕೇಳಿ ಆಕೆಯ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದರು. ಅಕ್ಕ ಮೊಸರು ತೆಗೆದುಕೊಂಡು ಪಾತ್ರೆ ತೊಳೆದು ವಾಪಸು ಕೊಡುತ್ತಿದ್ದಳು.

ಆ ನಡುವೆ ಅಡಿವೆಪ್ಪನ ಕಬ್ಬು ಮಾತ್ರ ರಾಕ್ಷಸನಂತೆ ಬೆಳೆಯಿತು. ಹೆಂಡತಿಗೆ ಹಾವು ಕಚ್ಚಿದ ಸುದ್ದಿಯನ್ನು ಬಿಸಿಬಿಸಿಯಾಗಿ, ಆಕೆ ಇನ್ನೂ ಬದುವಿನ ಮೇಲೆ ಕೂತಿದ್ದಾಗಲೇ ಕೇಳಿದ ಕಬ್ಬು ಅದು. ತೋಳಿನಷ್ಟು ದಪ್ಪವಾಯಿತು. ಈ ವರ್ಷ ಕಟಾವು ಶುರುವಾಗಿ ಮೊದಲ ಗಾಡಿ ಕಾರ್ಖಾನೆಗೆ ಹೋದಾಗ ಸಕ್ಕರೆ ಇಳುವರಿ ಕಂಡು ಅಲ್ಲಿನವರು ಯಂತ್ರ ಕೆಟ್ಟಿರಬೇಕೆಂದು ಇನ್ನೊಮ್ಮೆ ಪರೀಕ್ಷೆ ಮಾಡಿದರಂತೆ. ಅಡಿವೆಪ್ಪ ವರ್ಷದ ಶ್ರೇಷ್ಠ ಬೆಳೆಗಾರನಾದ. ಪ್ರಶಸ್ತಿ, ಶಾಲು, ಬೆಳ್ಳಿಯ ಕುಡುಗೋಲು, ಊರಿಗೆಲ್ಲ ಗೋಧಿ ಹುಗ್ಗಿಯ ಊಟ. ಒಂದೇ ತೊಡಕು. ಸತ್ಕಾರಕ್ಕೆ ದಂಪತಿ ಕೂರಬೇಕು. ಹೆಂಡತಿ ತವರಿನಲ್ಲಿದ್ದಾಳೆ.

ಸಾತಗೌಡರೇ ಅಡಿವೆಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಇಳಕಲ್ ಸೀರೆ, ಒಂದು ಬುಟ್ಟಿ ಬಾಳೆಹಣ್ಣು. ಅಡಿವೆಪ್ಪ ಬಾಗಿಲ ಹತ್ತಿರವೇ ಕೂತು ನೆಲ ನೋಡಿದ. ಅವನ ಮುಖದಲ್ಲಿ ಪಶ್ಚಾತ್ತಾಪ ಹುಡುಕಿದೆ. ಇದ್ದದ್ದು ಅವಸರ.

‘ನೋಡವ್ವಾ ಬಾಳವ್ವಾ,’ ಎಂದರು ಗೌಡರು, ‘ಗಂಡ ಹೆಂಡ್ತಿ ಅಂದಮ್ಯಾಲ ಒಂದ ಮಾತು ಬರತೈತಿ ಒಂದ ಮಾತು ಹೋಗತೈತಿ. ಸತ್ಕಾರಕ್ಕ ದಂಪತಿ ಬೇಕು. ಕಾರ್ಖಾನಿ ನಿಯಮ ಐತಿ. ಒಬ್ಬಾಂವ ಕುಂತ್ರ ಫೋಟೊನೂ ಚಂದ ಬರೂದಿಲ್ಲ.’

‘ಫೋಟೊ ಸಲುವಾಗಿ ಆದ್ರ ನಮ್ಮ ಅತ್ತಿನ್ನ ಕುಂಡ್ರಸ್ರಿ ಗೌಡ್ರ. ಆಕಿಗೂ ಹೌಸಿ ಐತಿ,’ ಎಂದಳು ಅಕ್ಕ.

ಗೌಡರು ನಕ್ಕರು. ಅವರು ನಗುವುದು ಬಲು ಸುಲಭ. ಬಾಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ. ‘ಚಾಷ್ಟಿ ಸಾಕವ್ವಾ. ನಿನ್ನ ಮನಸಿನ್ಯಾಗ ಏನೈತಿ ಅದನ್ನ ಹೇಳು. ನಡಸಿಕೊಡೂದು ನನಗ ಬಿಡು.’

ಅಕ್ಕ ಅಡಿವೆಪ್ಪನ ಕಡೆ ನೋಡದೆ ಗೌಡರಿಗೇ ಹೇಳಿದಳು. ‘ಅವತ್ತ ಹೊಲದಾಗ ಏನೇನಾತು ಅನ್ನೂದನ್ನ ನಾನು ವೇದಿಕಿ ಮ್ಯಾಲ ನಿಂತು ಎಲ್ಲಾರ ಮುಂದ ಹೇಳತೀನ್ರಿ. ಅದನ್ನ ಕೇಳಿ ಒಬ್ಬರು, ಒಬ್ಬರಂದ್ರ ಒಬ್ಬರು, ಇವರ ಮುಖಾ ನೋಡಿ “ನೀ ಮಾಡಿದ್ದು ತಪ್ಪು” ಅಂತ ಅನ್ನಲಿ. ನನಗ ಅಷ್ಟ ಸಾಕು. ಅಲ್ಲಿಂದನ ಇವರ ಹಿಂದ ಮನಿಗಿ ಹೋಗತೀನಿ. ಯಾರೂ ಅನ್ನಲಿಲ್ಲಂದ್ರ ಮತ್ತ ನನ್ನ ಕರ್ಯಾಕ ಬರಬ್ಯಾಡ್ರಿ. ನಮ್ಮ ತಮ್ಮ ಅಂದ್ರ ಅದು ಲೆಕ್ಕಕ್ಕಿಲ್ಲ.’

‘ಇಷ್ಟನ?’ ಎಂದು ಗೌಡರು ತೊಡೆ ತಟ್ಟಿದರು. ‘ಊರಾಗ ಅಷ್ಟ ಮಂದಿ ಅದೀವಿ, ಒಬ್ಬರ ಬಾಯಾಗ ಆ ಮಾತು ಬರೂದಿಲ್ಲೇನು? ಏನಪಾ ಅಡಿವೆಪ್ಪಾ, ಅನಿಸಿಕೊಳ್ಳಾಕ ತಯಾರದಿಯಲ್ಲಾ?’

‘ಅನ್ಲಿ ಬಿಡ್ರಿ,’ ಎಂದ ಅಡಿವೆಪ್ಪ. ಮೈಗೆ ಬಡಿಯದ ಬೈಗುಳಕ್ಕೆ ಅವನು ಹೆದರುವವನಲ್ಲ.

ಅವರು ಹೋದ ಮೇಲೆ ನಾನು ಅಕ್ಕನ ಮೇಲೆ ರೇಗಿದೆ. ಇಂಥವನ ಮನೆಗೆ ಹೋಗುವ ದಾರಿಯನ್ನು ನೀನೇ ಯಾಕೆ ತೆರೆದುಕೊಟ್ಟೆ ಎಂದೆ. ಆಕೆ ಬಾಳೆಹಣ್ಣುಗಳನ್ನು ಬುಟ್ಟಿಯಿಂದ ತೆಗೆದು ಕಾಯಿ ಬೇರೆ, ಹಣ್ಣು ಬೇರೆ ಮಾಡುತ್ತ ಕೂತಿದ್ದಳು.

‘ಆ ಮನಿ ನಾ ಕಟ್ಟೀನಿ ತಮ್ಮಾ. ನನಗ ಅದು ಬ್ಯಾಡಾಗಿಲ್ಲ,’ ಎಂದಳು. ‘ಖರೇ ಹೇಳಬೇಕಂದ್ರ ನನಗ ಒಂದು ಅನುಮಾನ ಹೊಕ್ಕೈತಿ. ಎಲ್ಲಾರೂ ಹಿಂಗನ ಮಾಡತಾರು. ಅತ್ತಿನೂ ಅದನ್ನ ಅಂದ್ಲು. ನಾನ ಸಣ್ಣದನ್ನ ದೊಡ್ಡದ ಮಾಡಾಕತ್ತೀನೇನು ಅಂತ. ಯಾರಾರ ಒಬ್ಬರು ತಪ್ಪು ಅಂದ್ರ ನನ್ನ ತಲಿ ನೆಟ್ಟಗೈತಿ ಅಂತ ಗೊತ್ತಾಗತೈತಿ. ಆಮ್ಯಾಲ ಎಲ್ಲಿದ್ರೂ ನಡೀತೈತಿ.’

ನಾನು ಅದನ್ನು ನೂರು ಸಲ ಹೇಳಿದ್ದೆ, ಆದರೆ ತಮ್ಮನ ಮಾತು ತವರಿನ ಅನ್ನದ ಹಾಗೆ. ಹೊಟ್ಟೆ ತುಂಬುತ್ತದೆ, ಮರ್ಯಾದೆ ತುಂಬುವುದಿಲ್ಲ. ಆಕೆಗೆ ಬೇಕಾಗಿದ್ದದ್ದು ಊರಿನ ಬಾಯಿಂದ.

ಸತ್ಕಾರದ ಮುಂಚಿನ ದಿನ ಗೌಡರು ನನ್ನನ್ನು ಕಾರ್ಖಾನೆಗೆ ಕರೆಸಿಕೊಂಡರು. ಮುಂದಿನ ವಾರದ ಹಾಳೆಯಲ್ಲಿ ಜಾಗ ಬಿಡಬೇಕಂತೆ. ತಲೆಬರಹವನ್ನೂ ಅವರೇ ಹೇಳಿದರು: ‘ಮುನಿಸು ಮರೆತು ಒಂದಾದ ಮಾದರಿ ದಂಪತಿ’. ಇನ್ನೂ ಆಗದ್ದನ್ನು ಹೇಗೆ ಬರೆಯಲಿ ಎಂದೆ. ‘ಆಗತೈತೋ ಹುಚ್ಚಪ್ಪಾ,’ ಎಂದು ಬಾಗಿಲಾಚೆ ಕೈ ತೋರಿಸಿದರು. ಅಲ್ಲಿ ಕಾಡಪ್ಪ ಮಾಸ್ತರರು ನಿಂತು ಏನೋ ಗೊಣಗುತ್ತಿದ್ದರು. ಕಿವಿಗೊಟ್ಟೆ. ‘ಅಡಿವೆಪ್ಪಾ, ನೀನು ಮಾಡಿದ್ದು ತಪ್ಪು. ಇನ್ನು ಮುಂದಾದರೂ...’ ಎಂದು ಪಾಠ ಒಪ್ಪಿಸುತ್ತಿದ್ದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಏನು ತಪ್ಪು ಎಂಬುದೇ ಗೊತ್ತಿಲ್ಲದ ಮನುಷ್ಯ ತಪ್ಪು ಎಂದು ಹೇಳುವುದನ್ನು ಕಲಿಯುತ್ತಿದ್ದ. ಮಾಸ್ತರಿಕೆ ಎಂದರೆ ಇದೇ ಇರಬೇಕು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಇದು ಮೋಸ, ಒಪ್ಪಬೇಡ ಎಂದೆ. ಆಕೆ ಸಿಟ್ಟಾಗುತ್ತಾಳೆಂದುಕೊಂಡಿದ್ದೆ.

‘ಹೇಳಿಕೊಟ್ಟ ಮಾತಾದ್ರೂ ಆಗಲಿ ಬಿಡೋ,’ ಎಂದಳು. ‘ಕಿವಿಲೆ ಒಂದ ಸಲ ಕೇಳಿದ್ರ ಸಾಕು.’

ಅಷ್ಟು ಕೆಳಗೆ ಇಳಿದಿತ್ತು ಆಕೆಯ ಆಸೆ.

ಮರುದಿನ ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಊರಿಗೆ ಊರೇ ಬಂದಿತ್ತು. ಅಕ್ಕ ಮಾತಾಡುತ್ತಾಳೆಂಬುದು ಹೇಗೋ ಸೋರಿತ್ತು. ಹಾಗಾಗಿ ಬೆಳ್ಳಿಯ ಕುಡುಗೋಲು ನೋಡಲಿಕ್ಕೆ ಬಂದವರು ಯಾರೂ ಇರಲಿಲ್ಲ. ಮುಂದಿನ ಸಾಲಿನವರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಗಂಡಸರು ಧೋತರದ ಚುಂಗನ್ನು ಮೊದಲೇ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಅದು ಯಾಕೆಂದು ನನಗೆ ಆಗ ಹೊಳೆಯಲಿಲ್ಲ, ಹೊಳೆಯಬೇಕಾಗಿತ್ತು. ಎಲ್ಲರ ಹಿಂದೆ, ಶಾಮಿಯಾನದ ನೆರಳು ಮುಗಿಯುವಲ್ಲಿ, ಕಬ್ಬು ಕಡಿಯಲು ಬೇರೆ ಸೀಮೆಯಿಂದ ಬಂದ ಗ್ಯಾಂಗಿನವರು ನೆಲದ ಮೇಲೆ ಕೂತಿದ್ದರು. ಅವರಿಗೆ ಹುಗ್ಗಿಯ ಊಟಕ್ಕೆ ಕರೆ ಇತ್ತು, ಕುರ್ಚಿಗೆ ಇರಲಿಲ್ಲ.

ಗೌಡರು ಭಾಷಣ ಮಾಡಿದರು. ರೈತನೇ ದೇಶದ ಬೆನ್ನೆಲುಬು ಎಂದರು, ಆ ಬೆನ್ನೆಲುಬಿಗೆ ಬೆನ್ನೆಲುಬು ಗೃಹಿಣಿ ಎಂದರು. ಇದನ್ನು ಅವರು ಪ್ರತಿ ವರ್ಷ ಹೇಳುತ್ತಾರೆ. ಅಡಿವೆಪ್ಪ ಹೊಸ ಪಟಕಾ ಸುತ್ತಿಕೊಂಡು, ಕೊರಳಿಗೆ ಹಾರ ಹಾಕಿಸಿಕೊಂಡು ಕೂತ. ಪಕ್ಕದಲ್ಲಿ ಅಕ್ಕ. ಗೌಡರು ತಂದ ಇಳಕಲ್ ಸೀರೆಯನ್ನು ಉಟ್ಟಿರಲಿಲ್ಲ, ತನ್ನದೇ ಹಳೆಯ ಹಸಿರು ಸೀರೆ ಉಟ್ಟಿದ್ದಳು. ಫೋಟೊ ತೆಗೆದರು. ಆಮೇಲೆ ಮೈಕಿನ ಮುಂದೆ ಕುಂಟುತ್ತ ಬಂದು ನಿಂತಳು.

‘ಅವತ್ತ ಮೊದಲನೇ ತಾಕಿನ್ಯಾಗ ನನಗ ಹಾವು ಕಡೀತು,’ ಎಂದಳು. ‘ಇವರು ಹತ್ತಿರನ ಇದ್ರು. ಕೂಗಿದ್ನಿ. ಓಡಿ ಬಂದ್ರು. ನೋಡಿದ್ರು. ನಾನು ಪಕ್ಕದ ಹೊಲದಾಗಿನ ಟ್ರ್ಯಾಕ್ಟರ ತೋರಿಸಿ, ಅವರನ್ನ ಕರೀರಿ ಅಂದ್ನಿ. ಮತ್ತ ಕೂಗಾಕ ಬಾಯಿ ತೆಗದ್ನಿ. ಆವಾಗ ಇವರು ನನ್ನ ಬಾಯಿ ಮುಚ್ಚಿದ್ರು. ಈ ಕೈಯಿಲೆ. “ಒದರಬ್ಯಾಡ, ಬಾಜೂ ಹೊಲದವರು ಬಂದು ಏನಾತಂತ ಕೇಳತಾರ, ನಾ ಮೊದಲ ಕಬ್ಬಿಗೆ ಹೇಳಿ ಬರತೀನಿ” ಅಂದ್ರು. ನಾನು ಒದರಲಿಲ್ಲ. ಇವರು ನಾಕು ತಾಕಿಗೂ ಹೇಳಿ ಬರೂತನಕ ಬಾಯಾಗ ಸೆರಗು ತುರಕೊಂಡು ಕುಂತ್ನಿ. ಕಾಲು ಕರ್ರಗಾಗೂದು ನೋಡಕೋಂತ ಕುಂತ್ನಿ. ನಾಕನೇ ತಾಕಿನಿಂದ ಇವರು ಹೇಳೂ ಧ್ವನಿ ನನಗ ಕೇಳತಿತ್ತು. ಅವಸರಲೇನೂ ಹೇಳತಿದ್ದಿಲ್ಲ.’

ಬಾಯಿ ಮುಚ್ಚಿದ್ದನ್ನು ಆಕೆ ನನಗೂ ಹೇಳಿರಲಿಲ್ಲ. ಒಂದು ವರ್ಷ ಒಂದೇ ಸೂರಿನಡಿ ಇದ್ದೂ ಹೇಳಿರಲಿಲ್ಲ. ಅಕ್ಕ ಮೈಕು ಬಿಟ್ಟು ಸರಿದು, ಸೀರೆಯ ಅಂಚನ್ನು ಸ್ವಲ್ಪ ಎತ್ತಿ ಕಾಲು ತೋರಿಸಿದಳು. ಮತ್ತೆ ಮೈಕಿಗೆ ಬಂದು, ‘ಇದು ತಪ್ಪೋ ಅಲ್ಲೋ ನೀವ ಹೇಳ್ರಿ’ ಎಂದು ಕೈ ಕಟ್ಟಿ ನಿಂತಳು.

ನಾನು ಒಂದೊಂದೇ ಮುಖ ನೋಡಿದೆ. ಹೆಂಗಸರ ಕಣ್ಣಲ್ಲಿ ನೀರಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲರ ತುಟಿಯೂ ಹೊಲಿಗೆ ಹಾಕಿದಂತೆ ಬಿಗಿದಿತ್ತು. ಅಡಿವೆಪ್ಪನ ತಾಯಿ ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳು. ಗೌಡರು ಗಂಟಲು ಸರಿಮಾಡಿಕೊಂಡು ಕಾಡಪ್ಪ ಮಾಸ್ತರರಿಗೆ ಕಣ್ಣು ಹೊಡೆದರು. ಮಾಸ್ತರರು ಎದ್ದರು. ಅಡಿವೆಪ್ಪನ ಕಡೆ ತಿರುಗಿದರು. ಬಾಯಿ ತೆರೆದರು. ಅಕ್ಕ ಅವರನ್ನೇ ನೋಡುತ್ತಿದ್ದಳು. ಆಕೆಯ ಮುಖದಲ್ಲಿ ಅಂಥ ಆಸೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮಾಸ್ತರರ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಅವರಿಗೆ ತಮ್ಮ ಇಪ್ಪತ್ತು ಗುಂಟೆ ನೆನಪಾಯಿತು. ಪೊರಕೆ ಕಡ್ಡಿಯಾದ ಕಬ್ಬು ನೆನಪಾಯಿತು. ಇಂಥ ಗಟ್ಟಿ ಸುದ್ದಿ ಈ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲ, ಒಂದು ಮಾತು ಆಡಿದರೆ ಎಂಜಲು. ಫಟ್ಟನೆ ಬಾಯಿ ಮುಚ್ಚಿಕೊಂಡರು. ಬಲಗೈಯಿಂದ ಬಾಯಿ ಒತ್ತಿ, ಎಡಗೈಯಲ್ಲಿ ಧೋತರ ಹಿಡಿದು, ಕುರ್ಚಿ ಉರುಳಿಸಿಕೊಂಡು ಓಡಿದರು.

ಒಬ್ಬ ಓಡಿದ್ದೇ ತಡ, ಊರೇ ಎದ್ದಿತು. ಹೇಳುವುದಕ್ಕೂ ನಾಚಿಕೆಯಾಗುತ್ತದೆ. ಒಂದು ಮಾತಿಲ್ಲ, ಕೂಗಿಲ್ಲ, ಬರೀ ಕುರ್ಚಿಗಳು ಬೀಳುವ ಸದ್ದು. ಕಣ್ಣೀರಿನ ಹೆಂಗಸರು ಕಣ್ಣೀರು ಒರೆಸಿಕೊಳ್ಳಲೂ ನಿಲ್ಲದೆ ಸೀರೆ ಎತ್ತಿಕೊಂಡು ಓಡಿದರು. ಕೋಲಿಲ್ಲದೆ ನಡೆಯಲಾರದ ಮುದುಕರು ಕೋಲು ಬಿಟ್ಟು ಓಡಿದರು. ಅಡಿವೆಪ್ಪನ ತಾಯಿಗೆ ತವರಿನಿಂದ ಬಂದ ಒಂದು ತುಂಡು ಹೊಲವಿದೆ, ಆಕೆ ಆ ಕಡೆ ಹೋದಳು. ಗೌಡರು ದೊಡ್ಡವರಲ್ಲವೇ, ಓಡಲಿಲ್ಲ. ವೇದಿಕೆಯಿಂದ ಗಂಭೀರವಾಗಿ ಇಳಿದು ಜೀಪು ಹತ್ತಿದರು. ಅದು ಹೋದ ವೇಗಕ್ಕೆ ಶಾಮಿಯಾನದ ಹಗ್ಗ ಕಿತ್ತಿತು. ಹುಗ್ಗಿ ಬಡಿಸಲು ನಿಂತ ಅಡಿಗೆಯವನು ಸೌಟನ್ನು ಹಂಡೆಯಲ್ಲೇ ಬಿಟ್ಟು ಹೋದ.

ಅಡಿವೆಪ್ಪ ಒಂದು ಕ್ಷಣ ಕೂತಿದ್ದ. ಅವನಿಗೆ ಅವಮಾನವಾಗಿದೆ, ಮುಖ ಎತ್ತಲಾಗುತ್ತಿಲ್ಲ ಎಂದುಕೊಂಡೆ. ನನ್ನದೂ ಎಂಥ ತಲೆ! ಅವನು ಲೆಕ್ಕ ಹಾಕುತ್ತಿದ್ದ. ತುಂಬಿದ ಸಭೆಯಲ್ಲಿ ಹೆಂಡತಿ ಗಂಡನ ಮಾನ ತೆಗೆದಳು ಎಂಬುದು ಅವನ ಹೊಲದ ಹೊಸ ನಾಟಿಗೆ ಹೊಚ್ಚ ಹೊಸ ಸುದ್ದಿಯಲ್ಲವೇ. ಕೊರಳಿನ ಹಾರ ತೆಗೆದು ಕುರ್ಚಿಯ ಮೇಲಿಟ್ಟ. ಅಕ್ಕನ ಕಡೆ ತಿರುಗಿ, ತುಟಿ ಬಿಚ್ಚದೆ, ಕೈಯಿಂದ ‘ಇಲ್ಲೇ ಇರು, ಬಂದೆ’ ಎಂದು ಸನ್ನೆ ಮಾಡಿ ಹಳ್ಳದ ದಾರಿ ಹಿಡಿದ.

ಉಳಿದವರು ನಾವಿಬ್ಬರು, ಹಿಂದೆ ನೆಲದ ಮೇಲೆ ಕೂತ ಗ್ಯಾಂಗಿನವರು. ಅವರಿಗೆ ಕಡಿಯಲು ಕಬ್ಬಿದೆ, ಹೇಳಿಕೊಳ್ಳಲು ಹೊಲವಿಲ್ಲ. ಅವರು ಖಾಲಿ ಕುರ್ಚಿಗಳನ್ನೂ ನಮ್ಮನ್ನೂ ನೋಡುತ್ತ, ಈ ಊರಿಗೆ ಏನು ಹಿಡಿದಿದೆಯೆಂದು ತಿಳಿಯದೆ ಕೂತಿದ್ದರು. ಅವರಲ್ಲಿ ಸೋನಾಬಾಯಿ ಎಂಬಾಕೆ, ಗ್ಯಾಂಗಿನ ಹಿರಿಯಳು, ಮಂಡಿ ಹಿಡಿದುಕೊಂಡು ಎದ್ದಳು. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಹತ್ತಿರ ಬಂದಳು. ಆಕೆಯ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

‘ಎಲ್ಲಿ ಹೋದ ಅಂವ?’ ಎಂದು ಕೇಳಿದಳು. ‘ಹೆಂಡ್ತಿ ಬಾಯಿ ಮುಚ್ಚಿದ ಭಾಡಕಾವ್ ಎಲ್ಲಿ ಹೋದ? ತಪ್ಪಲ್ಲದ ಮತ್ತೇನ ಅದು? ಹೊಲಸು ತಪ್ಪು. ನಮ್ಮ ತಾಂಡಾದಾಗ ಆಗಿದ್ರ ಬಡಿಗಿ ತಗೋತಿದ್ವಿ. ಮುಖಕ್ಕ ಉಗಳಿ ಹೇಳೂನಂತ ಎದ್ದು ಬಂದ್ರ ಇಲ್ಲಿ ಬರೇ ಹಾರ ಕುಂತೈತಿ!’

ಅಕ್ಕ ಆಕೆಯನ್ನೇ ನೋಡಿದಳು. ಆಮೇಲೆ ಹಾರವಿದ್ದ ಕುರ್ಚಿಯನ್ನು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಕಡೆಗೆ ಅದು ಅಳುವೇ ಆಯಿತು. ಸೋನಾಬಾಯಿ ವೇದಿಕೆ ಹತ್ತಿ ಆಕೆಯ ಬೆನ್ನು ಸವರಿದಳು. ಆಮೇಲೆ ತಮ್ಮವರ ಕಡೆ ತಿರುಗಿ, ಹುಗ್ಗಿ ಆರುತ್ತದೆ, ಬಡಿಸಿಕೊಳ್ಳಿ ಎಂದು ಕೂಗಿದಳು. ಊರಿಗೆ ಮಾಡಿದ್ದನ್ನು ಗ್ಯಾಂಗಿನವರು ಹೊಟ್ಟೆ ತುಂಬ ಉಂಡರು. ನಾನೂ ಉಂಡೆ. ಅಕ್ಕನೂ ಎಲೆಗೆ ಸ್ವಲ್ಪ ಹಾಕಿಸಿಕೊಂಡಳು.

‘ನಡಿ ಅಕ್ಕಾ, ಮನೆಗೆ ಹೋಗೋಣ,’ ಎಂದೆ, ಅವರೆಲ್ಲ ಹೋದ ಮೇಲೆ.

‘ಮಾತು ಕೊಟ್ಟೀನಿ ತಮ್ಮಾ,’ ಎಂದಳು. ‘ಒಬ್ಬಾಕಿ ಅಂದ್ಲಲ್ಲ. ಅಂವನ ಮುಖಕ್ಕ ಅನ್ನಲಿಲ್ಲ, ಖರೆ. ಅದು ಆಕಿ ತಪ್ಪಲ್ಲ. ಕರಕೊಂಡು ಹೋಗಾಂವ ಬರಲಿ. ಇಲ್ಲೇ ಇರು ಅಂತ ಸನ್ನಿ ಮಾಡ್ಯಾನ, ಇರತೀನಿ.’

ವೇದಿಕೆಯ ಮೇಲೆ ತನ್ನ ಕುರ್ಚಿಯಲ್ಲಿ ಕೂತಳು. ನಾನು ಮೆ‌ಟ್ಟಿಲ ಮೇಲೆ ಕೂತೆ. ದೂರದ ಹೊಲಗಳಿಂದ ಊರಿನ ಗೊಣಗು ಕೇಳಿಸುತ್ತಿತ್ತು. ನೂರಾರು ಬಾಯಿ ಒಂದೇ ಸುದ್ದಿಯನ್ನು ನೂರಾರು ಹೊಲಗಳಿಗೆ ಹೇಳುತ್ತಿದ್ದವು. ತಪ್ಪು ಎಂಬ ಮಾತನ್ನೂ ಅವರು ಅಲ್ಲಿ ಆಡಿರಬಹುದು. ಆಡಿರುತ್ತಾರೆ. ಕಬ್ಬಿನ ಮುಂದೆ ನಮ್ಮ ಜನ ಬಹಳ ಪ್ರಾಮಾಣಿಕರು. ಬಿಸಿಲು ಇಳಿಯಿತು. ಹಳ್ಳದ ದಾರಿಯಲ್ಲಿ ಯಾರೂ ಬರಲಿಲ್ಲ.

ಕೊನೆಗೆ ಬಂದವರು ಶಾಮಿಯಾನ ಬಿಚ್ಚುವವರು. ಬಟ್ಟೆ ಇಳಿಸಿದರು, ಕಂಬ ಕಿತ್ತರು, ಉರುಳಿದ ಕುರ್ಚಿಗಳನ್ನು ಎತ್ತಿ ಒಂದರ ಮೇಲೊಂದು ಪೇರಿಸಿದರು. ಹಾರವನ್ನು ಪಕ್ಕಕ್ಕೆ ಎಸೆದು ಅಡಿವೆಪ್ಪನ ಕುರ್ಚಿಯನ್ನೂ ಒಯ್ದರು. ಆಮೇಲೆ ಅವರಲ್ಲೊಬ್ಬ ಅಕ್ಕನ ಮುಂದೆ ಬಂದು ತಲೆ ಕೆರೆದುಕೊಳ್ಳುತ್ತ ನಿಂತು, ‘ಅವ್ವಾರ, ಇದೊಂದ ಉಳದೈತ್ರಿ’ ಎಂದ. ಅಕ್ಕ ಎದ್ದು, ಕುರ್ಚಿಯನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟು, ನಮ್ಮ ಮನೆಯ ದಾರಿಗೆ ತಿರುಗಿದಳು.